ಬ್ಯಾಕ್ಟೀರಿಯಾಗಳ ಡಿ.ಎನ್.ಎ. ಮೇಲಣ ಗುರುತುಗಳು: ಅವುಗಳನ್ನು ಕಂಡುಹಿಡಿಯುವ ಬಗೆ

ನಮ್ಮ ಶಾಲೆಯ ಮೇಲಿನ ತರಗತಿಗಳ ಜೀವಶಾಸ್ತ್ರದ ಪಾಠಗಳಲ್ಲಿ ಡಿ.ಎನ್.ಎ. ಎಂಬ ದ್ರವ್ಯದ ವಿಷಯವು ಬರುತ್ತದೆ. ಅಡಿನೈನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳು ನಾಲ್ಕು ಅಕ್ಷರಗಳಂತೆ ಸಾಲುಗಟ್ಟಿ ನಿಂತು, ತಲೆಯಿಂದ ತಲೆಗೆ ಇಳಿದುಬರುವ ಗುಣಗಳನ್ನು ಬರೆದಿಡುತ್ತವೆಂದು ನಮ್ಮ ಹುಡುಗಿಯರು ಕಲಿಯುತ್ತಾರೆ. ಈ ಮಾತು ನಿಜವೇ ಆದರೂ ಪೂರ್ಣವಾದುದಲ್ಲ. ಆ ಅಕ್ಷರಗಳ ಮೇಲೆ ಅಲ್ಲಲ್ಲಿ ಅತಿ ಸೂಕ್ಷ್ಮವಾದ ಗುರುತುಗಳೂ ಉಂಟು. ಬ್ಯಾಕ್ಟೀರಿಯಾಗಳಲ್ಲಿಯಂತೂ ಈ ಗುರುತುಗಳು ಪ್ರಾಣರಕ್ಷಣೆಯ ಸಾಧನಗಳಾಗಿವೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣಿಸದ ಇವುಗಳನ್ನು ಪ್ರಯೋಗಶಾಲೆಯಲ್ಲಿ ಹೇಗೆ ಪತ್ತೆಮಾಡುತ್ತಾರೆ, ಹಾಗೆ ಪತ್ತೆಯಾದುದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಆಸ್ಪತ್ರೆಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಕೆಲಸಮಾಡುವವರು ಈ ವಿಷಯವನ್ನು ನಮಗಿಂತ ಚೆನ್ನಾಗಿ ಬಲ್ಲರು. ಉಳಿದ ವಾಚಕರಿಗೂ ಪೋಷಕರಿಗೂ ಇದು ಪ್ರಯೋಜನವಾದೀತೆಂದು ನಂಬಿದ್ದೇವೆ.

ಮೊದಲು ಗುರುತು ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ಹಿಂದಿನ ಕಾಲದಲ್ಲಿ ಮಡಿವಾಳರು ಹತ್ತಾರು ಮನೆಗಳ ಬಟ್ಟೆಗಳನ್ನು ಒಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಯಾವ ಸೀರೆ ಯಾರ ಮನೆಯದೆಂದು ತಿಳಿಯುವುದಕ್ಕಾಗಿ ಅದರ ಮೂಲೆಯಲ್ಲಿ ಕರಿಗೇರಿನ ರಸದಿಂದ ಒಂದು ಚಿಕ್ಕ ಗುರುತನ್ನು ಹಾಕುತ್ತಿದ್ದರು. ಆ ಗುರುತಿನಿಂದ ಸೀರೆಯ ನೇಯ್ಗೆಯಾಗಲಿ ಬಣ್ಣವಾಗಲಿ ಬದಲಾಗುತ್ತಿರಲಿಲ್ಲ. ಉಟ್ಟವರಿಗೆ ಅದರ ನೆನಪೂ ಇರುತ್ತಿರಲಿಲ್ಲ. ಆದರೆ ಮಡಿವಾಳನ ಕಣ್ಣಿಗೆ ಅದು ಮನೆಯ ಹೆಸರನ್ನೇ ಹೇಳುತ್ತಿತ್ತು. ಬ್ಯಾಕ್ಟೀರಿಯಾದ ಡಿ.ಎನ್.ಎ. ಮೇಲಣ ಗುರುತೂ ಇಂಥದೇ. ಒಂದು ಇಂಗಾಲದ ಪರಮಾಣುವೂ ಮೂರು ಜಲಜನಕದ ಪರಮಾಣುಗಳೂ ಸೇರಿದ ಮೀಥೈಲ್ ಎಂಬ ಸಣ್ಣ ಗುಂಪನ್ನು, ಬ್ಯಾಕ್ಟೀರಿಯಾದ ಕಿಣ್ವವೊಂದು ಕೆಲವು ನಿಯತ ಸ್ಥಾನಗಳಲ್ಲಿರುವ ಅಡಿನೈನ್ ಅಥವಾ ಸೈಟೊಸಿನ್‌ಗೆ ಅಂಟಿಸುತ್ತದೆ. ಅಕ್ಷರವು ಅದೇ ಅಕ್ಷರವಾಗಿಯೇ ಉಳಿಯುತ್ತದೆ. ಅದರ ಜೊತೆಗಾರನೂ ಬದಲಾಗುವುದಿಲ್ಲ. ಆದುದರಿಂದ ಅಕ್ಷರಗಳನ್ನು ಮಾತ್ರ ಓದುವ ಹಳೆಯ ಬಗೆಯ ಪರೀಕ್ಷೆಗಳಿಗೆ ಈ ಗುರುತು ಕಾಣಿಸುವುದೇ ಇಲ್ಲ.

ಇಂಥ ಗುರುತೊಂದು ಇರಲೇಬೇಕೆಂಬ ಸಂದೇಹವು ವೈರಸ್‌ಗಳ ವಿಚಿತ್ರ ನಡತೆಯಿಂದ ಹುಟ್ಟಿತು. ಬ್ಯಾಕ್ಟೀರಿಯಾಗಳನ್ನೇ ತಿಂದು ಬೆಳೆಯುವ ಫೇಜ್ ಎಂಬ ವೈರಸ್‌ಗಳುಂಟು. ಒಂದು ತಳಿಯ ಬ್ಯಾಕ್ಟೀರಿಯಾದಲ್ಲಿ ಬೆಳೆದ ಫೇಜುಗಳು ಅದೇ ತಳಿಯನ್ನು ಸುಲಭವಾಗಿ ಕೊಲ್ಲುತ್ತಿದ್ದವು. ಬೇರೊಂದು ತಳಿಯನ್ನು ಹೊಕ್ಕರೆ ಬಹುಪಾಲು ನಾಶವಾಗುತ್ತಿದ್ದವು. ಹೇಗೋ ಬದುಕಿಕೊಂಡ ಕೆಲವಕ್ಕೆ ಹುಟ್ಟಿದ ಸಂತತಿಯಾದರೋ ಆ ಹೊಸ ತಳಿಯಲ್ಲಿ ನಿರಾತಂಕವಾಗಿ ಬೆಳೆಯುತ್ತಿತ್ತು. 1952ರಲ್ಲಿ ಅಮೆರಿಕದಲ್ಲಿ ಸಾಲ್ವಡೋರ್ ಲೂರಿಯಾ ಮತ್ತು ಮೇರಿ ಹ್ಯೂಮನ್ ಎಂಬವರೂ, 1953ರಲ್ಲಿ ಬೆರ್ಟಾನಿ ಮತ್ತು ವೈಗಲ್ ಎಂಬವರೂ ಇಂಥ ಸಂಗತಿಗಳನ್ನು ಪ್ರಕಟಿಸಿದರು. ಫೇಜಿನ ಗುಣವು ಶಾಶ್ವತವಾಗಿ ಬದಲಾಗುತ್ತಿರಲಿಲ್ಲ. ಅದು ಕಡೆಯಲ್ಲಿ ಯಾರ ಮನೆಯಿಂದ ಹೊರಟಿತೋ ಆ ಮನೆಯ ಗುರುತನ್ನು ಮಾತ್ರ ಹೊತ್ತಿರುತ್ತಿತ್ತು.

ಆ ಗುರುತು ಡಿ.ಎನ್.ಎ. ಮೇಲೆಯೇ ಇದೆಯೆಂದು 1962ರಲ್ಲಿ ತೋರಿಸಿಕೊಟ್ಟವರು ಜಿನೀವಾ ನಗರದ ವರ್ನರ್ ಆರ್ಬರ್ ಮತ್ತು ಡೇಸಿ ದ್ಯುಸ್ವಾ. ವಿಕಿರಣಶೀಲ ರಂಜಕವನ್ನು ಸೇರಿಸಿದ ಫೇಜುಗಳನ್ನು ಬೆಳೆಸಿ, ಅವುಗಳ ಡಿ.ಎನ್.ಎ. ಪರಕೀಯ ಬ್ಯಾಕ್ಟೀರಿಯಾವನ್ನು ಹೊಕ್ಕೊಡನೆ ತುಂಡುತುಂಡಾಗುವುದನ್ನು ಅವರು ಅಳೆದು ನೋಡಿದರು. ಬ್ಯಾಕ್ಟೀರಿಯಾದೊಳಗೆ ಕತ್ತರಿಯಂತೆ ಕೆಲಸಮಾಡುವ ಕಿಣ್ವವೊಂದಿದೆ, ಗುರುತಿಲ್ಲದ ಡಿ.ಎನ್.ಎ. ಕಂಡರೆ ಅದನ್ನು ಕತ್ತರಿಸುತ್ತದೆ, ತನ್ನ ಮನೆಯ ಗುರುತಿದ್ದರೆ ಬಿಟ್ಟುಬಿಡುತ್ತದೆ ಎಂಬುದೇ ಇದರ ತಾತ್ಪರ್ಯ. ಈ ಕತ್ತರಿಗಳ ಸಂಶೋಧನೆಗಾಗಿ 1978ರಲ್ಲಿ ಆರ್ಬರ್, ಹ್ಯಾಮಿಲ್ಟನ್ ಸ್ಮಿತ್, ಡೇನಿಯಲ್ ನೇಥನ್ಸ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಆಗ ಬಾಲಕಿಯಾಗಿದ್ದ ಆರ್ಬರ್ ಅವರ ಮಗಳು ಸಿಲ್ವಿಯಾ, ಡಿ.ಎನ್.ಎ.ಯನ್ನು ರಾಜನೆಂದೂ ಕಿಣ್ವಗಳನ್ನು ಸೇವಕರೆಂದೂ ಕತ್ತರಿ ಹಿಡಿದ ಸೇವಕನು ಪರರಾಜನನ್ನು ಮಾತ್ರ ಕತ್ತರಿಸುವನೆಂದೂ ಒಂದು ಕತೆಯನ್ನು ಕಟ್ಟಿದಳು. ಆಕೆ ಬೆಳೆದು ನರಮಂಡಲದ ವಿಷಯದಲ್ಲಿ ಹೆಸರಾಂತ ವಿಜ್ಞಾನಿಯಾದಳೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರಬೇಕು. ಮೇರಿ ಹ್ಯೂಮನ್, ಡೇಸಿ ದ್ಯುಸ್ವಾ ಇವರ ಹೆಸರುಗಳು ಪಾಠಪುಸ್ತಕಗಳಲ್ಲಿ ವಿರಳವಾಗಿ ಕಾಣುವುವು. ಆದಕಾರಣ ಇಲ್ಲಿ ಬೇಕೆಂದೇ ಬರೆದಿದ್ದೇವೆ.

ಗುರುತಿನ ಉಪಯೋಗವು ಶತ್ರುನಿವಾರಣೆ ಮಾತ್ರವಲ್ಲ. ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲೈ ಎಂಬ ಬ್ಯಾಕ್ಟೀರಿಯಾವನ್ನು ತೆಗೆದುಕೊಳ್ಳಿರಿ. ಅದರ ಡಿ.ಎನ್.ಎ.ಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಅವುಗಳ ನಡುವೆ ಜಿ-ಎ-ಟಿ-ಸಿ ಎಂಬ ನಾಲ್ಕಕ್ಷರದ ಪದವು ಸುಮಾರು 19,000 ಕಡೆ ಬರುತ್ತದೆ. ಆ ಪದದೊಳಗಿನ ಅಡಿನೈನ್‌ಗೆ ಡ್ಯಾಮ್ ಎಂಬ ಕಿಣ್ವವು ಗುರುತು ಹಾಕುತ್ತದೆ. ಡಿ.ಎನ್.ಎ. ಪ್ರತಿಯಾಗುವಾಗ ಹಳೆಯ ಎಳೆಯ ಮೇಲೆ ಗುರುತಿರುತ್ತದೆ. ಹೊಸ ಎಳೆಯ ಮೇಲೆ ಸ್ವಲ್ಪ ಕಾಲ ಇರುವುದಿಲ್ಲ. ಆ ಅವಧಿಯಲ್ಲಿ ತಪ್ಪು ತಿದ್ದುವ ಕಿಣ್ವಗಳು ಬಂದು, ಎರಡು ಎಳೆಗಳಲ್ಲಿ ಯಾವುದು ಮೂಲ, ಯಾವುದು ನಕಲು ಎಂಬುದನ್ನು ಗುರುತಿನಿಂದಲೇ ತಿಳಿದು, ನಕಲಿನಲ್ಲಿರುವ ತಪ್ಪನ್ನು ತಿದ್ದುತ್ತವೆ. ಈ ತಿದ್ದುಪಡಿಯ ಕ್ರಮವನ್ನು ವಿವರಿಸಿದ ಪಾಲ್ ಮೊಡ್ರಿಚ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದ ಇದೇ ಡ್ಯಾಮ್ ಕಿಣ್ವವನ್ನು ತೆಗೆದುಹಾಕಿದಾಗ, ಅದು ಇಲಿಗಳಲ್ಲಿ ರೋಗವನ್ನುಂಟುಮಾಡುವ ಶಕ್ತಿಯನ್ನೇ ಕಳೆದುಕೊಂಡಿತು. ಗುರುತುಗಳನ್ನು ಓದುವುದು ವೈದ್ಯಶಾಸ್ತ್ರಕ್ಕೂ ಅವಶ್ಯವೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಕಂಡುಹಿಡಿಯುವ ಕ್ರಮಗಳಿಗೆ ಬರೋಣ. ಇವುಗಳಲ್ಲಿ ಅತ್ಯಂತ ಹಳೆಯದು ಒಡೆದು ಬೇರ್ಪಡಿಸುವ ಕ್ರಮ. ಡಿ.ಎನ್.ಎ.ಯನ್ನು ಆಮ್ಲದಿಂದಲೋ ಕಿಣ್ವದಿಂದಲೋ ಬಿಡಿಬಿಡಿಯಾಗಿ ಒಡೆದು, ಬಂದ ತುಣುಕುಗಳನ್ನು ಒಂದೊಂದಾಗಿ ಪರೀಕ್ಷಿಸುವುದು. 1925ರಲ್ಲಿ ಜಾನ್ಸನ್ ಮತ್ತು ಕಾಗ್‌ಹಿಲ್ ಎಂಬವರು ಕ್ಷಯರೋಗದ ಬ್ಯಾಕ್ಟೀರಿಯಾದಿಂದ ಮೀಥೈಲ್ ಅಂಟಿದ ಸೈಟೊಸಿನ್ ದೊರೆಯಿತೆಂದು ಪ್ರಕಟಿಸಿದರು. 1955ರಲ್ಲಿ ಡನ್ ಮತ್ತು ಸ್ಮಿತ್ ಎಂಬವರು ಈ. ಕೋಲೈಯಲ್ಲಿ ಮೀಥೈಲ್ ಅಂಟಿದ ಅಡಿನೈನ್ ಇರುವುದನ್ನು ತೋರಿಸಿದರು. ಅವರ ಕಾಲದ ಮುಖ್ಯ ಸಾಧನ ಒಂದು ಹಾಳೆ ಕಾಗದ. ಕಾಗದದ ಒಂದು ಕಡೆ ದ್ರಾವಣದ ತೊಟ್ಟನ್ನಿಟ್ಟು ತುದಿಯನ್ನು ದ್ರವದಲ್ಲಿ ಅದ್ದಿದರೆ, ದ್ರವವು ಕಾಗದದ ಮೇಲೆ ಹರಿಯುವಾಗ ಒಂದೊಂದು ಪದಾರ್ಥವೂ ಒಂದೊಂದು ದೂರಕ್ಕೆ ಸಾಗಿ ನಿಲ್ಲುತ್ತದೆ. ನಾಲ್ಕು ಕಲೆಗಳಿರಬೇಕಾದಲ್ಲಿ ಐದನೆಯದೊಂದು ಕಂಡರೆ ಅಲ್ಲಿ ಹೊಸ ಪದಾರ್ಥವಿದೆಯೆಂದು ಅರ್ಥ. ಶಾಯಿಯ ತೊಟ್ಟನ್ನು ಒತ್ತುಕಾಗದದ ಮೇಲಿಟ್ಟು ನೀರು ಹರಿಸಿ ಬಣ್ಣಗಳು ಬೇರೆಯಾಗುವುದನ್ನು ಶಾಲೆಯಲ್ಲಿ ಮಾಡಿನೋಡಿದವರಿಗೆ ಈ ತತ್ತ್ವವು ಹೊಸದಲ್ಲ.

ಈ ದಿನಗಳಲ್ಲಿ ಇದೇ ಕೆಲಸವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಮಾಡುತ್ತದೆ. ಅದು ಅಣುಗಳನ್ನು ತೂಗಿ ನೋಡುವ ತಕ್ಕಡಿಯೆನ್ನಬಹುದು. ಜಲಜನಕದ ಪರಮಾಣುವಿನ ತೂಕವನ್ನು 1 ಎಂದಿಟ್ಟುಕೊಂಡರೆ, ಗುರುತುಳ್ಳ ಅಡಿನೈನ್ ಗುರುತಿಲ್ಲದುದಕ್ಕಿಂತ 14ರಷ್ಟು ಹೆಚ್ಚು ತೂಗುತ್ತದೆ. ಆ ಸ್ವಲ್ಪ ವ್ಯತ್ಯಾಸವೂ ಈ ತಕ್ಕಡಿಗೆ ತಪ್ಪದೆ ತಿಳಿಯುತ್ತದೆ. ಆದರೆ ಇದರ ಕೊರತೆಯನ್ನೂ ಹೇಳಬೇಕು. ಪುಸ್ತಕವನ್ನು ಹರಿದು ಅಕ್ಷರಗಳನ್ನೆಲ್ಲ ಬಿಡಿಸಿ ರಾಶಿಹಾಕಿದ ಮೇಲೆ ಯಾವ ಅಕ್ಷರ ಎಷ್ಟಿತ್ತೆಂದು ಎಣಿಸಬಹುದೇ ಹೊರತು, ಅದು ಯಾವ ಪುಟದಲ್ಲಿತ್ತೆಂದು ಹೇಳಲಾಗುವುದಿಲ್ಲ. ರಾಶಿಯಲ್ಲಿ ಬೇರೊಂದು ಪುಸ್ತಕದ ಹಾಳೆ ಬೆರೆತಿದ್ದರೂ ತಿಳಿಯುವುದಿಲ್ಲ. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ.

ಎರಡನೆಯದು ಕತ್ತರಿಗಳ ಕ್ರಮ. ಬ್ಯಾಕ್ಟೀರಿಯಾಗಳ ಆಯುಧವನ್ನೇ ಮನುಷ್ಯನು ತನ್ನ ಪರೀಕ್ಷೆಗೆ ಬಳಸಿಕೊಂಡಿದ್ದಾನೆ. 1975ರಲ್ಲಿ ಲ್ಯಾಕ್ಸ್ ಮತ್ತು ಗ್ರೀನ್‌ಬರ್ಗ್ ಎಂಬವರು ನ್ಯುಮೋನಿಯಾ ರೋಗದ ಬ್ಯಾಕ್ಟೀರಿಯಾದಲ್ಲಿ ಪರಸ್ಪರ ವಿರುದ್ಧ ಸ್ವಭಾವದ ಎರಡು ಕತ್ತರಿಗಳನ್ನು ವಿವರಿಸಿದರು. ಎರಡೂ ಜಿ-ಎ-ಟಿ-ಸಿ ಎಂಬ ಪದವನ್ನೇ ಹುಡುಕುತ್ತವೆ. ಡಿ-ಪಿ-ಎನ್ ಒಂದು ಎಂಬುದು ಗುರುತಿದ್ದರೆ ಮಾತ್ರ ಕತ್ತರಿಸುತ್ತದೆ. ಡಿ-ಪಿ-ಎನ್ ಎರಡು ಎಂಬುದು ಗುರುತಿಲ್ಲದಿದ್ದರೆ ಮಾತ್ರ ಕತ್ತರಿಸುತ್ತದೆ. ಸೌ-ತ್ರೀ-ಎ ಎಂಬ ಮೂರನೆಯ ಕತ್ತರಿಯು ಗುರುತಿರಲಿ ಇಲ್ಲದಿರಲಿ ಎರಡನ್ನೂ ಕತ್ತರಿಸುತ್ತದೆ. ಒಂದೇ ಡಿ.ಎನ್.ಎ.ಯನ್ನು ಮೂರು ಕೊಳವೆಗಳಲ್ಲಿ ಹಂಚಿ, ಒಂದೊಂದರಲ್ಲಿ ಒಂದೊಂದು ಕತ್ತರಿಯನ್ನು ಹಾಕಿ, ಬಳಿಕ ಅಗರೋಸ್ ಎಂಬ ಲೋಳೆಯಂಥ ಹಲಗೆಯ ಮೇಲೆ ವಿದ್ಯುತ್ತನ್ನು ಹರಿಸುತ್ತಾರೆ. ಡಿ.ಎನ್.ಎ. ಋಣವಿದ್ಯುತ್ತುಳ್ಳದ್ದಾದುದರಿಂದ ಧನಧ್ರುವದ ಕಡೆಗೆ ಸಾಗುತ್ತದೆ. ಸಣ್ಣ ತುಂಡುಗಳು ಬೇಗ ಮುಂದೆ ಹೋಗುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಯಾವ ಕೊಳವೆಯ ಡಿ.ಎನ್.ಎ. ತುಂಡಾಗಿದೆಯೆಂಬುದನ್ನು ನೋಡಿದರೆ ಗುರುತಿನ ವಿಷಯವು ಸ್ಪಷ್ಟವಾಗುತ್ತದೆ.

ಇಲ್ಲಿ ಮೂರನೆಯ ಕತ್ತರಿಯು ಏತಕ್ಕೆಂದು ಕೆಲವರು ಕೇಳಬಹುದು. ಡಿ.ಎನ್.ಎ. ತುಂಡಾಗದೆ ಉಳಿದಾಗ ಅದಕ್ಕೆ ಗುರುತೇ ಕಾರಣವೆಂದು ಹೇಳುವ ಮೊದಲು, ಅದು ಕತ್ತರಿಸಲು ಯೋಗ್ಯವಾಗಿತ್ತೆಂದು ತಿಳಿದಿರಬೇಕಲ್ಲವೇ? ಕೊಳವೆಯಲ್ಲಿ ಕೊಳೆ ಬೆರೆತು ಯಾವ ಕತ್ತರಿಯೂ ಕೆಲಸಮಾಡದಿದ್ದಿರಬಹುದು. ಮೂರನೆಯ ಕತ್ತರಿಯು ಆ ಸಂಶಯವನ್ನು ಪರಿಹರಿಸುತ್ತದೆ. ಒಳ್ಳೆಯ ಪರೀಕ್ಷೆಯಲ್ಲೆಲ್ಲ ಇಂಥ ಸಾಕ್ಷಿಯೊಂದು ಇರಲೇಬೇಕು. ಈ ಕ್ರಮವು ಅಗ್ಗವಾದುದು, ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಮಾಡತಕ್ಕದ್ದು. ಆದರೆ ಕತ್ತರಿಗೆ ಪರಿಚಯವಿರುವ ಪದಗಳ ವಿಷಯವನ್ನು ಮಾತ್ರ ಇದು ಹೇಳಬಲ್ಲದು; ಪರಿಚಯವಿಲ್ಲದ ಪದದ ಮೇಲೆ ಗುರುತಿದ್ದರೆ ಕತ್ತರಿಯು ಅದನ್ನು ಗಮನಿಸದೆ ದಾಟಿಹೋಗುತ್ತದೆ.

ಮೂರನೆಯದು ಬೈಸಲ್ಫೈಟ್ ಎಂಬ ಲವಣದ ಕ್ರಮ. 1992ರಲ್ಲಿ ಆಸ್ಟ್ರೇಲಿಯಾದ ಮೇರಿಯಾನ್ ಫ್ರಾಮರ್ ಎಂಬ ಮಹಿಳೆಯೂ ಅವರ ಸಹೋದ್ಯೋಗಿಗಳೂ ಇದನ್ನು ಪ್ರಕಟಿಸಿದರು. ಈ ಲವಣವು ಗುರುತಿಲ್ಲದ ಸೈಟೊಸಿನ್ ಅನ್ನು ಯುರಾಸಿಲ್ ಎಂಬ ಬೇರೊಂದು ಪ್ರತ್ಯಾಮ್ಲವನ್ನಾಗಿ ಮಾರ್ಪಡಿಸುತ್ತದೆ. ಐದನೆಯ ಸ್ಥಾನದಲ್ಲಿ ಮೀಥೈಲ್ ಗುರುತಿರುವ ಸೈಟೊಸಿನ್ ಮಾತ್ರ ಹಾಗೆಯೇ ಉಳಿಯುತ್ತದೆ. ಬಳಿಕ ಅಕ್ಷರಗಳನ್ನು ಓದಿದರೆ ಮಾರ್ಪಟ್ಟ ಕಡೆಗಳಲ್ಲಿ ‘ಟಿ’ ಎಂದೂ ಗುರುತಿದ್ದ ಕಡೆಗಳಲ್ಲಿ ‘ಸಿ’ ಎಂದೂ ಕಾಣುತ್ತದೆ. ಹೀಗೆ ಒಂದೊಂದು ಅಕ್ಷರದ ಸ್ಥಾನವೂ ತಿಳಿಯುವುದು ಈ ಕ್ರಮದ ಹೆಗ್ಗಳಿಕೆ. ಆದರೆ ಲವಣವು ತನ್ನ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿದರೆ ಗುರುತಿಲ್ಲದ ಅಕ್ಷರವೂ ಗುರುತುಳ್ಳದ್ದರಂತೆ ತೋರುವುದು. ಆದುದರಿಂದ ಗುರುತೇ ಇಲ್ಲವೆಂದು ಮೊದಲೇ ತಿಳಿದಿರುವ ಡಿ.ಎನ್.ಎ.ಯನ್ನು ಜೊತೆಯಲ್ಲಿಟ್ಟು ಅದೆಲ್ಲವೂ ಮಾರ್ಪಟ್ಟಿತೇ ಎಂದು ನೋಡಿಕೊಳ್ಳುತ್ತಾರೆ. ಅಲ್ಲದೆ ಬ್ಯಾಕ್ಟೀರಿಯಾಗಳಲ್ಲಿ ಹೇರಳವಾಗಿರುವ ಅಡಿನೈನ್ ಗುರುತು ಈ ಕ್ರಮಕ್ಕೆ ಗೋಚರಿಸುವುದೇ ಇಲ್ಲ.

ನಾಲ್ಕನೆಯ ಬಗೆಯ ಕ್ರಮಗಳು ಈ ಶತಮಾನದವು. ಇವುಗಳಲ್ಲಿ ಒಂದನ್ನು 2010ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಡಿ.ಎನ್.ಎ.ಯನ್ನು ನಕಲುಮಾಡುವ ಒಂದೇ ಒಂದು ಕಿಣ್ವವನ್ನು ಅತಿ ಸಣ್ಣ ಗುಳಿಯ ತಳದಲ್ಲಿ ನೆಲೆಗೊಳಿಸಿ, ಅದಕ್ಕೆ ಬಣ್ಣದ ಬೆಳಕು ಬೀರುವ ಅಕ್ಷರಗಳನ್ನು ಒದಗಿಸುತ್ತಾರೆ. ಕಿಣ್ವವು ಒಂದೊಂದು ಅಕ್ಷರವನ್ನು ಪೋಣಿಸಿದಾಗಲೂ ಒಂದೊಂದು ಮಿಂಚು ಕಾಣುತ್ತದೆ. ಮಿಂಚಿನ ಬಣ್ಣದಿಂದ ಅಕ್ಷರವೂ, ಒಂದು ಮಿಂಚಿಗೂ ಇನ್ನೊಂದಕ್ಕೂ ನಡುವಣ ಕಾಲದಿಂದ ಗುರುತೂ ತಿಳಿಯುತ್ತವೆ. ಹೇಗೆಂದರೆ, ಗುರುತುಳ್ಳ ಅಡಿನೈನ್ ಎದುರಾದಾಗ ಕಿಣ್ವವು ತುಸು ತಡೆಯುತ್ತದೆ. ಸರಾಗವಾಗಿ ಪಾಠ ಒಪ್ಪಿಸುವ ಹುಡುಗಿಯು ಕಠಿಣ ಶಬ್ದವೊಂದು ಬಂದಾಗ ತಡೆಯುವಂತೆ. ಸೈಟೊಸಿನ್‌ನ ಐದನೆಯ ಸ್ಥಾನದ ಗುರುತಾದರೋ ಬಹಳ ಕ್ಷೀಣವಾದ ತಡೆಯನ್ನು ಮಾತ್ರ ಉಂಟುಮಾಡುತ್ತದೆ. ಇನ್ನೊಂದು ಕ್ರಮದಲ್ಲಿ ಡಿ.ಎನ್.ಎ.ಯ ಎಳೆಯನ್ನು ಪ್ರೋಟೀನಿನ ಸೂಕ್ಷ್ಮರಂಧ್ರದಲ್ಲಿ ಸೂಜಿಗೆ ದಾರ ಪೋಣಿಸಿದಂತೆ ಎಳೆದು, ಆ ರಂಧ್ರದಲ್ಲಿ ಹರಿಯುವ ವಿದ್ಯುತ್ತಿನ ಏರಿಳಿತವನ್ನು ಅಳೆಯುತ್ತಾರೆ. ಇದರಿಂದ ಗುರುತುಗಳನ್ನು ಓದಬಹುದೆಂದು 2017ರಲ್ಲಿ ಪ್ರಕಟವಾದ ಲೇಖನಗಳು ತೋರಿಸಿದವು. ಈ ಎರಡರಲ್ಲಿಯೂ ಹೋಲಿಕೆಗಾಗಿ, ಅದೇ ಡಿ.ಎನ್.ಎ.ಯನ್ನು ಕೊಳವೆಯಲ್ಲಿ ನಕಲುಮಾಡಿ ಗುರುತಿಲ್ಲದ ಪ್ರತಿಯೊಂದನ್ನು ಪಡೆದುಕೊಳ್ಳುವುದುಂಟು. ನಕಲುಮಾಡುವ ಕಿಣ್ವವು ಅಕ್ಷರಗಳನ್ನು ಮಾತ್ರ ನಕಲುಮಾಡುತ್ತದೆ, ಗುರುತುಗಳನ್ನಲ್ಲ.

ಇವುಗಳ ಪ್ರಯೋಜನಕ್ಕೆ ಒಂದು ನಿದರ್ಶನವನ್ನು ಕೊಡುವೆವು. 2011ರಲ್ಲಿ ಜರ್ಮನಿಯಲ್ಲಿ ಈ. ಕೋಲೈಯ ಘೋರವಾದ ತಳಿಯೊಂದು ಹರಡಿ, 3,800ಕ್ಕೂ ಮಿಕ್ಕ ಜನರು ಕಾಯಿಲೆಬಿದ್ದು 50ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ನಮ್ಮ ಅಡಿಗೆಮನೆಗಳಲ್ಲಿ ನಿತ್ಯ ಬಳಕೆಯಲ್ಲಿರುವ ಮೆಂತ್ಯದ ಮೊಳಕೆಯಿಂದಲೇ ಅದು ಹರಡಿತೆಂದು ವಿಚಾರಣೆಯಿಂದ ತಿಳಿದುಬಂತು. 2012ರಲ್ಲಿ ಗಾಂಗ್ ಫಾಂಗ್ ಮುಂತಾದವರು ಮಿಂಚಿನ ಕ್ರಮದಿಂದ ಆ ತಳಿಯ ಅಡಿನೈನ್ ಗುರುತುಗಳನ್ನೆಲ್ಲ ಓದಿದರು. ವಿಷವನ್ನುಂಟುಮಾಡುವ ಜೀನನ್ನು ಹೊತ್ತು ತಂದ ಫೇಜು ತನ್ನೊಡನೆ ಗುರುತು ಹಾಕುವ ಕಿಣ್ವವೊಂದನ್ನೂ ತಂದಿತ್ತೆಂದು ಆಗ ಗೊತ್ತಾಯಿತು. ಆ ಫೇಜಿನ ಗುರುತು-ಕತ್ತರಿಗಳ ಜೋಡಿಯನ್ನು ತೆಗೆದುಹಾಕಿದಾಗ ಬ್ಯಾಕ್ಟೀರಿಯಾದ ಎಷ್ಟೋ ಜೀನುಗಳ ಕೆಲಸವು ಹೆಚ್ಚುಕಡಮೆಯಾಯಿತು. ಅಕ್ಷರಗಳನ್ನು ಮಾತ್ರ ಓದಿದ್ದರೆ ಈ ಗುರುತುಗಳು ಎಲ್ಲಿ ಬಿದ್ದಿವೆಯೆಂಬುದು ತಿಳಿಯುತ್ತಿರಲಿಲ್ಲ.

ಇಷ್ಟು ಸಾಧನಗಳಿದ್ದರೂ ಮೋಸಹೋಗಲು ಅವಕಾಶವಿಲ್ಲದಿಲ್ಲ. 2015ರಲ್ಲಿ ನೊಣ, ಹುಳು ಮೊದಲಾದ ಪ್ರಾಣಿಗಳ ಡಿ.ಎನ್.ಎ.ಯಲ್ಲಿಯೂ ಅಡಿನೈನ್ ಗುರುತು ಇದೆಯೆಂದು ಪ್ರಕಟವಾಗಿ ವಿಜ್ಞಾನಪ್ರಪಂಚದಲ್ಲಿ ಕುತೂಹಲವುಂಟಾಯಿತು. ಅನಂತರ ಇತರರೂ ಬೇರೆಬೇರೆ ಜೀವಿಗಳ ವಿಷಯದಲ್ಲಿ ಹಾಗೆಯೇ ಬರೆದರು. 2022ರಲ್ಲಿ ಮೇಲೆ ಹೇಳಿದ ಫಾಂಗ್ ಅವರ ಬಳಗದವರೇ ಹೊಸ ಕ್ರಮವೊಂದರಿಂದ, ಗುರುತು ಯಾವ ಜೀವಿಯ ಡಿ.ಎನ್.ಎ. ಮೇಲಿದೆಯೆಂದು ವಿಂಗಡಿಸಿ ನೋಡಿದರು. ನೊಣದ್ದೆಂದು ಎಣಿಸಿದ್ದ ಗುರುತುಗಳಲ್ಲಿ ಬಹುಪಾಲು ಆ ಮಾದರಿಯಲ್ಲಿ ಬೆರೆತಿದ್ದ ಬ್ಯಾಕ್ಟೀರಿಯಾಗಳವೆಂದು ಹೊರಬಿತ್ತು. ಎಣಿಸುವ ಯಂತ್ರದ ಎಣಿಕೆಯಲ್ಲಿ ತಪ್ಪಿರಲಿಲ್ಲ; ಆದರೆ ಎಣಿಸಿದ ರಾಶಿಯಲ್ಲಿ ಬೇರೊಂದು ಪುಸ್ತಕದ ಹಾಳೆಗಳು ಬೆರೆತಿದ್ದವು.

ಇದಕ್ಕೆ ವಿರುದ್ಧವಾದ ಸಂಗತಿಯೂ ಒಂದುಂಟು. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ಪರಿಮಳಕ್ಕೆ ಕಾರಣವಾದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳ ಕುಲದಲ್ಲಿ ಲಿವಿಡಾನ್ಸ್ ಎಂಬ ಜಾತಿಯೊಂದಿದೆ. ಇದರ ಡಿ.ಎನ್.ಎ.ಯನ್ನು ಲೋಳೆಹಲಗೆಯ ಮೇಲೆ ಹರಿಸಿದಾಗ ಅದು ತಾನಾಗಿಯೇ ಚೂರುಚೂರಾಗುತ್ತಿತ್ತು. ಇಂಥದನ್ನು ಕಂಡವರು ಮಾದರಿಯು ಕೆಟ್ಟಿತೆಂದು ಚೆಲ್ಲಿಬಿಡುವುದು ಸಹಜ. ಆದರೆ 1988ರಲ್ಲಿ ಈ ವಿಷಯವನ್ನು ಪ್ರಕಟಿಸಿದವರು, ಅದು ಎಲ್ಲೆಂದರಲ್ಲಿ ಒಡೆಯದೆ ನಿಯತ ಸ್ಥಾನಗಳಲ್ಲಿಯೇ ಒಡೆಯುವುದನ್ನು ಗಮನಿಸಿದ್ದರು. ಚೀನಾದ ಡೆಂಗ್ ಝಿಶಿನ್ ಅವರು ಇದನ್ನು ಬಿಡದೆ ಹಿಡಿದರು. 2007ರಲ್ಲಿ ಅವರೂ ಅಮೆರಿಕದ ಪೀಟರ್ ಡೆಡನ್ ಅವರೂ ಸಹೋದ್ಯೋಗಿಗಳೊಡನೆ ಕಾರಣವನ್ನು ಪ್ರಕಟಿಸಿದರು. ಆ ಬ್ಯಾಕ್ಟೀರಿಯಾವು ಗುರುತನ್ನು ಅಕ್ಷರದ ಮೇಲೆ ಹಾಕದೆ, ಅಕ್ಷರಗಳನ್ನು ಪೋಣಿಸಿದ ದಾರದ ಮೇಲೆಯೇ ಹಾಕಿತ್ತು. ದಾರದ ಒಂದು ಆಮ್ಲಜನಕದ ಸ್ಥಾನದಲ್ಲಿ ಗಂಧಕವನ್ನಿಟ್ಟಿತ್ತು. ಗಂಧಕವಿದ್ದ ಕಡೆ ದಾರವು ದುರ್ಬಲವಾಗಿ ಒಡೆಯುತ್ತಿತ್ತು. ಈಗ ಅಯೊಡಿನ್ ಹಾಕಿ ಅದೇ ಸ್ಥಾನಗಳಲ್ಲಿ ಬೇಕೆಂದೇ ಒಡೆಯಿಸಿ ಈ ಗುರುತನ್ನು ಪತ್ತೆಮಾಡುತ್ತಾರೆ. ಹತ್ತೊಂಬತ್ತು ವರ್ಷಗಳ ಹಿಂದೆ ಕೆಟ್ಟ ಮಾದರಿಯೆಂದು ತೋರಿದುದೇ ಹೊಸ ಜ್ಞಾನಕ್ಕೆ ದಾರಿಯಾಯಿತು.

ಮೇಲಿನ ಎರಡು ಸಂಗತಿಗಳಿಂದ ತಿಳಿಯತಕ್ಕದ್ದು ಇಷ್ಟೆ. ಒಂದೊಂದು ಕ್ರಮವೂ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ತೂಗುವ ಯಂತ್ರವು ಎಷ್ಟಿದೆಯೆಂದು ಹೇಳುತ್ತದೆ, ಎಲ್ಲಿದೆಯೆಂದಲ್ಲ. ಕತ್ತರಿಯು ಒಂದು ಪದದ ವಿಷಯವನ್ನು ಹೇಳುತ್ತದೆ, ಬೇರೆ ಪದದ ವಿಷಯವನ್ನಲ್ಲ. ಲವಣವು ಸೈಟೊಸಿನ್‌ನ ವಿಷಯವನ್ನು ಹೇಳುತ್ತದೆ, ಅಡಿನೈನ್‌ನ ವಿಷಯವನ್ನಲ್ಲ. ಆದುದರಿಂದ ಬಲ್ಲವರು ಒಂದೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡದೆ, ಎರಡು ಮೂರು ಕ್ರಮಗಳಿಂದ ಪರೀಕ್ಷಿಸುತ್ತಾರೆ; ಗುರುತಿಲ್ಲದ ಮಾದರಿಯೊಂದನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ; ತಮ್ಮ ಮಾದರಿಯಲ್ಲಿ ಪರಕೀಯವಾದುದು ಬೆರೆತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ ಹೊಸ ಔಷಧಿಯ ಅಥವಾ ಹೊಸ ಸಂಶೋಧನೆಯ ಸುದ್ದಿಯನ್ನು ಓದುವಾಗ ನಮ್ಮ ವಾಚಕರೂ ಇದೇ ಪ್ರಶ್ನೆಗಳನ್ನು ಕೇಳಿದರೆ ಒಳ್ಳೆಯದು: ಯಾವ ಕ್ರಮದಿಂದ ತಿಳಿಯಿತು, ಯಾವುದರೊಡನೆ ಹೋಲಿಸಿದರು, ಬೇರೊಂದು ಕ್ರಮವೂ ಅದನ್ನೇ ಹೇಳುತ್ತದೆಯೇ?

ಈ ವಿದ್ಯೆಯು ಪರದೇಶಗಳದ್ದು ಮಾತ್ರವೆಂದು ಪೋಷಕರು ಭಾವಿಸಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿ. ಎನ್. ರಾವ್ ಅವರು ಜಠರದ ಹುಣ್ಣಿಗೆ ಕಾರಣವಾದ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಗುರುತು ಹಾಕುವ ಕಿಣ್ವಗಳನ್ನೂ, ವಿ. ನಾಗರಾಜ ಅವರು ಮ್ಯೂ ಎಂಬ ಫೇಜು ಅಡಿನೈನ್ ಮೇಲೆ ಹಾಕುವ ಅಪೂರ್ವವಾದ ಗುರುತನ್ನೂ ಕುರಿತು ಸಂಶೋಧನೆ ನಡೆಸಿದ್ದಾರೆ. ವಿಜ್ಞಾನವನ್ನು ಆರಿಸಿಕೊಂಡು ಮುಂದೆ ಓದಬೇಕೆನ್ನುವ ಹುಡುಗಿಯರಿಗೆ ಈ ಕೆಲಸವು ನಮ್ಮ ನಾಡಿನಲ್ಲಿಯೇ ದೊರೆಯುತ್ತದೆ. ಅದಕ್ಕೆ ಬೇಕಾದುದು ಶುಚಿಯಾದ ಕೈ, ಸರಿಯಾದ ಲೆಕ್ಕ, ಕಂಡದ್ದನ್ನು ಕಂಡಂತೆ ಬರೆದಿಡುವ ಅಭ್ಯಾಸ. ಇವುಗಳನ್ನು ಎಂಟನೆಯ ತರಗತಿಯ ಪ್ರಯೋಗಪುಸ್ತಕದಿಂದಲೇ ಆರಂಭಿಸಬಹುದು. ಮನೆಯಲ್ಲಿ ಪೋಷಕರು ಅದನ್ನು ಆಗಾಗ ತೆರೆದು ನೋಡುತ್ತಿದ್ದರೆ ನಮಗೆ ದೊಡ್ಡ ಸಹಾಯವಾಗುವುದು.